ಗೊರಿಲ್ಲಾಗೆ ತಾನಿದ್ದ ಹಳೆಯ ಊರು ನೆನಪಿರುತ್ತದೆಯೇ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ನಂಜನಗೂಡು

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಕರೆದೊಯ್ದಿದ್ದೆವು. ಗೊರಿಲ್ಲಾಗಳ ಆವರಣದ ಎದುರು ನಿಂತು, ಥಾಬೊ ಮತ್ತು ಡೆಂಬಾ ಎಂಬ ಈ ಎರಡು ಗಂಡು ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು ಎಂದು ನಾನು ಹೇಳುತ್ತಿದ್ದಾಗ, ತರಗತಿಯಲ್ಲಿ ಬಾಯಿಯನ್ನೇ ಬಿಡದ ಒಬ್ಬ ಹುಡುಗಿ ನನ್ನ ಪಕ್ಕಕ್ಕೆ ಬಂದು, “ಮಿಸ್, ಅವಕ್ಕೆ ಅಲ್ಲಿದ್ದಿದ್ದೆಲ್ಲ ನೆನಪಿರುತ್ತಾ, ಇಲ್ಲ ಮರೆತುಹೋಗಿರುತ್ತಾ?” ಎಂದು ಕೇಳಿದಳು. ಆ ಮಗು ಎರಡು ವರ್ಷಗಳ ಹಿಂದೆ, ತಂದೆಯ ಕೆಲಸದ ಕಾರಣದಿಂದ ರಾಯಚೂರಿನ ಕಡೆಯಿಂದ ನಮ್ಮೂರಿಗೆ ಬಂದು ಸೇರಿದವಳು. ಅವಳು ಗೊರಿಲ್ಲಾದ ಬಗ್ಗೆ ಮಾತ್ರ ಕೇಳುತ್ತಿಲ್ಲ ಎನ್ನುವುದು ನನಗೆ ಅರ್ಥವಾಯಿತಾದರೂ, ಉತ್ತರ ತಿಳಿಯದ ಕಾರಣ “ಇದ್ದರೂ ಇರಬಹುದು ಪುಟ್ಟಿ” ಎಂದಷ್ಟೇ ಹೇಳಿ ಮುಂದೆ ನಡೆದೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅದೇ ಹೊತ್ತಿಗೆ ಇನ್ನೊಬ್ಬ ಹುಡುಗ, “ಚಿಂಪಾಂಜಿಗೆ ಮನುಷ್ಯರಿಗಿಂತ ಜಾಸ್ತಿ ನೆನಪಿನ ಶಕ್ತಿ ಇದೆ, ನಾನು ಮೊಬೈಲಿನಲ್ಲಿ ನೋಡಿದ್ದೇನೆ” ಎಂದ. ಅವನು ನೋಡಿದ್ದು ಜಪಾನಿನ ಚಿಂಪಾಂಜಿಯೊಂದು ಪರದೆಯ ಮೇಲಿನ ಅಂಕಿಗಳನ್ನು ಕಣ್ಣು ಮಿಟುಕಿಸುವುದರೊಳಗೆ ಓದಿಕೊಂಡು ಕ್ರಮವಾಗಿ ಮುಟ್ಟುವ ವಿಡಿಯೊ. ಹಾಗಾದರೆ ಮಹಾವಾನರಗಳಿಗೆ, ಅಂದರೆ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ ಮತ್ತು ಒರಾಂಗುಟಾನ್‌ಗಳಿಗೆ, ನಿಜವಾಗಿ ಏನು ನೆನಪಿರುತ್ತದೆ, ಎಷ್ಟು ಕಾಲ ನೆನಪಿರುತ್ತದೆ, ಅವು ಏನನ್ನು ಮರೆಯುತ್ತವೆ? ಬಲ್ಲವರು ತಿಳಿಸಿದರೆ, ನಾನು ಆ ಮಗುವಿಗೆ ಸರಿಯಾದ ಉತ್ತರವನ್ನೇ ಕೊಡಬೇಕೆಂದಿದ್ದೇನೆ.

ಉತ್ತರ 1: ಪ್ರಾಣಿವರ್ತನೆಯ ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಮೇಡಂ, ಮೊದಲು ಆ ಹುಡುಗ ನೋಡಿದ ವಿಡಿಯೊದ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಆ ಹುಡುಗಿಯ ಪ್ರಶ್ನೆಗೆ ಉತ್ತರವಲ್ಲ. ವಿಡಿಯೊದಲ್ಲಿರುವ ಚಿಂಪಾಂಜಿಯ ಹೆಸರು ಅಯುಮು. ಜಪಾನಿನ ಇನುಯಾಮದಲ್ಲಿರುವ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ 2000ದಲ್ಲಿ ಹುಟ್ಟಿದ ಗಂಡು, ಅಂಕಿಗಳನ್ನು ಕಲಿತು ಅದಾಗಲೇ ಹೆಸರಾಗಿದ್ದ ಆಯ್ ಎಂಬ ಚಿಂಪಾಂಜಿಯ ಮಗ. ಸನಾ ಇನೊವೆ ಮತ್ತು ತೆತ್ಸುರೊ ಮತ್ಸುಜಾವ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐದು ಅಂಕಿಗಳು ಪರದೆಯ ಮೇಲೆ ಚದುರಿಕೊಂಡು ಕಾಣಿಸಿ, ಸೆಕೆಂಡಿನ ಐದನೆಯ ಒಂದು ಭಾಗದಷ್ಟು, ಅಂದರೆ 210 ಮಿಲಿಸೆಕೆಂಡು ಮಾತ್ರ ನಿಂತು, ಬಿಳಿಯ ಚೌಕಗಳಾಗಿ ಮುಚ್ಚಿಹೋಗುತ್ತಿದ್ದವು. ಅಂಕಿಗಳಿದ್ದ ಜಾಗಗಳನ್ನು ಏರಿಕೆಯ ಕ್ರಮದಲ್ಲಿ ಮುಟ್ಟಬೇಕು. ಅಯುಮು ಸುಮಾರು ಶೇಕಡ 80ರಷ್ಟು ಬಾರಿ ಸರಿಯಾಗಿ ಮುಟ್ಟಿದರೆ, ಅದೇ ವೇಗದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸುಮಾರು ಶೇಕಡ 40ಕ್ಕೆ ನಿಂತರು. ಅವನ ತಾಯಿಯೂ ಅವನ ಸಮಕ್ಕೆ ಬರಲಿಲ್ಲ.

ಆದರೆ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ: ಅಯುಮು ಈ ಆಟವನ್ನು ಸಾವಿರಾರು ಸಲ ಆಡಿ ಪಳಗಿದ್ದ, ವಿದ್ಯಾರ್ಥಿಗಳು ಪಳಗಿರಲಿಲ್ಲ. 2009ರಲ್ಲಿ ಬೇರೆ ಸಂಶೋಧಕರು ಮನುಷ್ಯರಿಗೂ ಚೆನ್ನಾಗಿ ಅಭ್ಯಾಸ ಮಾಡಿಸಿದಾಗ ಅವರೂ ಅಯುಮುವಿನ ಮಟ್ಟಕ್ಕೆ ಬಂದರು. ಆದ್ದರಿಂದ “ಚಿಂಪಾಂಜಿಗೆ ನಮಗಿಂತ ಹೆಚ್ಚು ನೆನಪು” ಎಂಬ ಮಾತು ನಿಲ್ಲುವುದಿಲ್ಲ. “ಮರಿ ಚಿಂಪಾಂಜಿಯೊಂದು ನಮ್ಮಷ್ಟೇ ಚುರುಕಾಗಿ ಕ್ಷಣದ ಚಿತ್ರವನ್ನು ಹಿಡಿದಿಟ್ಟುಕೊಳ್ಳಬಲ್ಲದು” ಎಂದರೆ ನಿಲ್ಲುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ಮಾತು.

ಈಗ ಆ ಹುಡುಗಿಯ ಪ್ರಶ್ನೆ. ಕ್ಷಣಮಾತ್ರದ ನೆನಪಿಗೂ ವರ್ಷಗಳ ನೆನಪಿಗೂ ಸಂಬಂಧ ಕಡಿಮೆ. ವರ್ಷಗಳ ನೆನಪಿನ ಬಗ್ಗೆ ಯೋಚಿಸುವಾಗ ನಮ್ಮ ಭಾಷೆಯೇ ನಮಗೆ ಒಂದು ಉಪಕಾರ ಮಾಡಿದೆ. ಕನ್ನಡದಲ್ಲಿ “ಗುರುತು ಸಿಕ್ಕಿತು” ಎನ್ನುವುದು ಬೇರೆ, “ನೆನಪಾಯಿತು” ಎನ್ನುವುದು ಬೇರೆ, “ನೆನಪು ಮಾಡಿಕೊಂಡೆ” ಎನ್ನುವುದು ಇನ್ನೂ ಬೇರೆ. ಮೊದಲನೆಯದಕ್ಕೆ ವ್ಯಕ್ತಿಯೋ ವಸ್ತುವೋ ಕಣ್ಣೆದುರು ಇರಬೇಕು. ಎರಡನೆಯದಕ್ಕೆ ಒಂದು ವಾಸನೆ, ಒಂದು ಹಾಡು, ಹಳೆಯ ಮನೆಯ ಕದದ ಸದ್ದು ಇಂಥ ಯಾವುದೋ ನೆಪ ಸಾಕು. ನೆನಪು ತಾನಾಗಿ ಬರುತ್ತದೆ, ಅದಕ್ಕೇ “ನನಗೆ ನೆನಪಾಯಿತು” ಎನ್ನುತ್ತೇವೆಯೇ ಹೊರತು ಅಲ್ಲಿ “ನಾನು” ಏನನ್ನೂ ಮಾಡುವುದಿಲ್ಲ. ಮೂರನೆಯದರಲ್ಲಿ ನೆಪವಿಲ್ಲದೆ, ಬೇಕೆಂದೇ, ಮನಸ್ಸು ಹಿಂದಕ್ಕೆ ಹೋಗುತ್ತದೆ. ಮಹಾವಾನರಗಳ ವಿಷಯದಲ್ಲಿ ಈ ಮೂರಕ್ಕೂ ಇರುವ ಪುರಾವೆಯ ತೂಕ ಒಂದೇ ಅಲ್ಲ.

ಗುರುತಿನ ಪುರಾವೆ ಬಹಳ ಗಟ್ಟಿಯಾಗಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಮೃಗಾಲಯ, ಬೆಲ್ಜಿಯಮ್ಮಿನ ಪ್ಲಾಂಕೆನ್‌ಡಾಲ್ ಮೃಗಾಲಯ ಮತ್ತು ಜಪಾನಿನ ಕುಮಾಮೊಟೊ ಅಭಯಧಾಮಗಳ 26 ಚಿಂಪಾಂಜಿ–ಬೊನೊಬೊಗಳಿಗೆ ಜೋಡಿ ಚಿತ್ರಗಳನ್ನು ತೋರಿಸಿದರು. ಪ್ರಾಣಿಗೆ ಒಂದು ನಳಿಕೆಯಿಂದ ಹಣ್ಣಿನ ರಸ ಸಿಗುತ್ತಿರುತ್ತದೆ, ಅದು ರಸ ಹೀರುತ್ತಾ ತನ್ನಿಷ್ಟದಂತೆ ಪರದೆಯತ್ತ ನೋಡುತ್ತದೆ, ಕಣ್ಣಿನ ಚಲನೆಯನ್ನು ಅವಕೆಂಪು ಕ್ಯಾಮೆರಾ ದಾಖಲಿಸುತ್ತದೆ. ಒಂದು ಮುಖ ಎಂದೂ ಕಾಣದ ಪ್ರಾಣಿಯದು, ಇನ್ನೊಂದು ಹಿಂದೆ ಜೊತೆಗಿದ್ದು ಅಗಲಿಹೋದ ಅಥವಾ ಸತ್ತುಹೋದ ಪ್ರಾಣಿಯದು. ಮೂರು ಸೆಕೆಂಡಿನಲ್ಲಿ ಚಿತ್ರ ಮರೆಯಾಗುತ್ತದೆ. ಅವು ಹಳೆಯ ಒಡನಾಡಿಯ ಮುಖವನ್ನೇ ಹೆಚ್ಚು ಹೊತ್ತು ನೋಡಿದವು. ವ್ಯತ್ಯಾಸ ಸೆಕೆಂಡಿನ ಸಣ್ಣದೊಂದು ಅಂಶ, ಆದರೆ ಮತ್ತೆ ಮತ್ತೆ ಕಂಡಿತು. ಯಾರೊಂದಿಗೆ ಒಳ್ಳೆಯ ಒಡನಾಟವಿತ್ತೋ ಅವರತ್ತ ನೋಟ ಇನ್ನೂ ದೀರ್ಘವಾಗಿತ್ತು. ಕುಮಾಮೊಟೊದ ಲೂಯಿಸ್ ಎಂಬ ಬೊನೊಬೊ ತನ್ನ ಅಕ್ಕತಂಗಿಯರಲ್ಲಿ ಒಬ್ಬಳಾದ ಲೊರೆಟ್ಟಾಳನ್ನೂ, ಎರಿನ್ ಎಂಬ ಒಡಹುಟ್ಟಿನ ಮಗನನ್ನೂ ನೋಡಿ 26 ವರ್ಷ ಕಳೆದಿತ್ತು. ಅವರ ಚಿತ್ರ ಬಂದಾಗ ಅವಳ ಕಣ್ಣು ಅಲ್ಲಿಯೇ ನಿಂತಿತು.

ಎರಡನೆಯದಕ್ಕೆ, ನೆಪ ಸಿಕ್ಕಾಗ ನೆನಪಾಗುವುದಕ್ಕೆ, ನಾನು ಬಹಳವಾಗಿ ಮೆಚ್ಚುವ ಪ್ರಯೋಗ ಜರ್ಮನಿಯ ಲೈಪ್ಜಿಗ್ ಮೃಗಾಲಯದಲ್ಲಿ ನಡೆಯಿತು. ಹೆಮಾ ಮಾರ್ಟಿನ್-ಓರ್ಡಾಸ್ ಎಂಬ ಸಂಶೋಧಕಿ ಚಿಂಪಾಂಜಿ ಮತ್ತು ಒರಾಂಗುಟಾನ್‌ಗಳೆದುರು ಒಮ್ಮೆ ಕೋಲುಗಳನ್ನು ಎರಡು ಜಾಗಗಳಲ್ಲಿ ಬಚ್ಚಿಟ್ಟಿದ್ದರು; ತಿನಿಸನ್ನು ಎಳೆದುಕೊಳ್ಳಲು ಬೇಕಾದ ಉದ್ದದ ಕೋಲು ಅವುಗಳಲ್ಲಿ ಒಂದು ಜಾಗದಲ್ಲಿ ಮಾತ್ರ ಇತ್ತು. ಆ ಪ್ರಾಣಿಗಳು ಇದನ್ನು ನಾಲ್ಕು ಸಲ ಮಾತ್ರ ಕಂಡಿದ್ದವು. ಮೂರು ವರ್ಷಗಳ ನಂತರ ಅದೇ ಕೋಣೆಯಲ್ಲಿ ಅದೇ ಸಂಶೋಧಕಿ ಅದೇ ತಿನಿಸಿನ ಹಲಗೆಯನ್ನು ಜೋಡಿಸಿದ್ದೇ ತಡ, ಬಹುಪಾಲು ಪ್ರಾಣಿಗಳು ಕೆಲವೇ ಸೆಕೆಂಡುಗಳಲ್ಲಿ ಎದ್ದುಹೋಗಿ ಕೋಲನ್ನು ಹುಡುಕಿದವು. ಹಿಂದಿನ ಅನುಭವವಿಲ್ಲದ ಪ್ರಾಣಿಗಳಿಗೆ ಅದು ಹೊಳೆಯಲಿಲ್ಲ. ಮನುಷ್ಯ, ಕೋಣೆ, ಹಲಗೆ ಮೂರೂ ಸೇರಿ ನೆಪವಾದವು ಎಂಬುದನ್ನು ಗಮನಿಸಿ; ಈ ಮೂರೂ ಇಲ್ಲದಿದ್ದರೆ ಆ ಮೂರು ವರ್ಷಗಳಲ್ಲಿ ಅವು ಎಂದಾದರೂ ಕೋಲನ್ನು ನೆನೆದವೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಗೊರಿಲ್ಲಾದ ಬಗ್ಗೆಯೇ ಕೇಳಿದ್ದೀರಿ. ಅಮೆರಿಕದ ಮಯಾಮಿಯ ಬಳಿ ಕಿಂಗ್ ಎಂಬ ಗಂಡು ಗೊರಿಲ್ಲಾದೊಂದಿಗೆ ಬೆನೆಟ್ ಶ್ವಾರ್ಟ್ಜ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಲಸ ಮಾಡಿದರು. ಯಾರೋ ಒಬ್ಬರು ಬಂದು ಒಂದು ಹಣ್ಣು ಕೊಟ್ಟು ಹೋಗುತ್ತಾರೆ. ಮರುದಿನ “ನಿನ್ನೆ ಏನು ತಿಂದೆ, ಯಾರು ಕೊಟ್ಟರು?” ಎಂದು ಕೇಳಿ ಕಾರ್ಡುಗಳನ್ನು ಮುಂದಿಟ್ಟರೆ, ಕಿಂಗ್ ಹಣ್ಣಿನ ಕಾರ್ಡನ್ನೂ ವ್ಯಕ್ತಿಯ ಕಾರ್ಡನ್ನೂ ಆರಿಸಿ ಕೈಗೆ ಕೊಡುತ್ತಿದ್ದ, ಮತ್ತು ಅದೃಷ್ಟದ ಮೇಲೆ ಬಿಟ್ಟಿದ್ದರೆ ಎಷ್ಟು ಸರಿಯಾಗುತ್ತಿತ್ತೋ ಅದಕ್ಕಿಂತ ಚೆನ್ನಾಗಿಯೇ ಆರಿಸುತ್ತಿದ್ದ. ಇನ್ನೊಂದು ಪ್ರಯೋಗದಲ್ಲಿ ಅವನಿಗೆ ಒಂದು ಘಟನೆಯನ್ನು ತೋರಿಸಿ, ನಂತರ ಬೇಕೆಂದೇ ತಪ್ಪು ಮಾಹಿತಿಯನ್ನು ಮುಂದಿಟ್ಟರು. ಆಗ ಅವನ ಉತ್ತರಗಳು ಕೆಟ್ಟವು. ಸಾಕ್ಷಿ ಹೇಳುವ ಮನುಷ್ಯನ ನೆನಪು ಹೇಗೆ ಬೇರೆಯವರ ಮಾತಿನಿಂದ ಕದಡುತ್ತದೆಯೋ ಗೊರಿಲ್ಲಾದ ನೆನಪೂ ಹಾಗೆ ಕದಡಬಲ್ಲದು.

ಆದ್ದರಿಂದ ಆ ಮಗುವಿಗೆ ಹೀಗೆ ಹೇಳಬಹುದು: ಜರ್ಮನಿಯಲ್ಲಿ ಥಾಬೊನನ್ನು ಸಾಕಿದವರು ಇವತ್ತು ಆವರಣದ ಮುಂದೆ ಬಂದು ನಿಂತರೆ ಅವನಿಗೆ ಗುರುತು ಸಿಗುವ ಸಾಧ್ಯತೆ ಬಹಳವಾಗಿದೆ. ಆದರೆ ಸಂಜೆ ಮರದ ದಿಮ್ಮಿಗೆ ಒರಗಿ ಕೂತಾಗ, ಯಾವ ನೆಪವೂ ಇಲ್ಲದೆ, ಅವನು ಹಳೆಯ ಊರನ್ನು ನೆನಪು ಮಾಡಿಕೊಳ್ಳುತ್ತಾನೆ ಎನ್ನುವುದಕ್ಕೆ ಪುರಾವೆ ಇಲ್ಲ.

ಉತ್ತರ 2: ನಿವೃತ್ತ ಪ್ರಾಣಿಪಾಲಕ

ಅಮ್ಮಾ, ನಾನು ಓದಿದವನಲ್ಲ, ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಮೃಗಾಲಯವೊಂದರಲ್ಲಿ ಪ್ರಾಣಿಪಾಲಕನಾಗಿದ್ದು ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷ ಒಂದು ಹೆಣ್ಣು ಚಿಂಪಾಂಜಿಯನ್ನು ನೋಡಿಕೊಂಡಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನಮ್ಮಿಬ್ಬರಿಗೆ ಒಂದು ಆಟವಿತ್ತು. ಬೆಳಿಗ್ಗೆ ಬೋನು ತೊಳೆದಾದ ಮೇಲೆ, ಒಂದು ಮುಷ್ಟಿಯಲ್ಲಿ ಕಡಲೆಕಾಯಿ ಬಚ್ಚಿಟ್ಟು ಎರಡೂ ಮುಷ್ಟಿಗಳನ್ನು ತಂತಿಬಲೆಯ ಹತ್ತಿರ ಹಿಡಿಯುತ್ತಿದ್ದೆ. ಅವಳು ಬಲೆಯ ಕಣ್ಣಿನಿಂದ ತೋರುಬೆರಳನ್ನು ತೂರಿಸಿ ತನಗೆ ಬೇಕಾದ ಮುಷ್ಟಿಯನ್ನು ತಟ್ಟುತ್ತಿದ್ದಳು. ಆಮೇಲೆ ನನ್ನನ್ನು ಆನೆಗಳ ಕಡೆಗೆ ಹಾಕಿದರು, ಅಲ್ಲಿಂದಲೇ ನಿವೃತ್ತಿಯಾಯಿತು. ಅವಳನ್ನು ನೋಡದೆ ನಾಲ್ಕು ವರ್ಷದ ಮೇಲಾಗಿತ್ತು. ಒಂದು ದಿನ ಮೊಮ್ಮಗನನ್ನು ಕರೆದುಕೊಂಡು ಹೋದೆ. ಈಗಿನ ಪಾಲಕ ನಮ್ಮ ಹುಡುಗನೇ, ಒಳಗಡೆಯಿಂದ ಕರೆದುಕೊಂಡು ಹೋದ. ನಾನು ಏನೂ ಮಾತಾಡಲಿಲ್ಲ. ಎರಡು ಕೈಯಲ್ಲೂ ಕಟಕಟೆಯ ಕಂಬಿಯನ್ನು ಹಿಡಿದು ಸುಮ್ಮನೆ ನಿಂತಿದ್ದೆ. ಅವಳು ಮೂಲೆಯಿಂದ ನಿಧಾನವಾಗಿ ಬಂದು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಕೆಳಗಿನ ತುಟಿಯನ್ನು ಇಳಿಬಿಟ್ಟಳು, ಆಮೇಲೆ ಬೆರಳು ಚಾಚಿ ಕಂಬಿ ಹಿಡಿದಿದ್ದ ನನ್ನ ಎಡಗೈಯ ಕಡೆ ತೋರಿಸಿದಳು. ನನ್ನ ಜೇಬಿನಲ್ಲಿ ಅಂದು ಕಡಲೆಕಾಯಿ ಇರಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಇನ್ನೊಂದನ್ನೂ ಹೇಳಬೇಕು. ನೀರು ಕುಡಿದ ಸ್ಟೀಲಿನ ಲೋಟವನ್ನು ಕೆಳಗಿನ ಸಂದಿಯಿಂದ ಈಚೆಗೆ ತಳ್ಳುವುದನ್ನು ನಾನೇ ಅವಳಿಗೆ ಕಲಿಸಿದ್ದೆ. ಅಂದು ಲೋಟ ಕೇಳಿ ಕೈ ಚಾಚಿದರೆ ಅವಳು ಕೊಡಲಿಲ್ಲ. ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ಮರೆತಳೋ, ಕೊಡುವುದು ಬೇಡವೆನಿಸಿತೋ, ನನಗೆ ತಿಳಿಯಲಿಲ್ಲ.

ಹಾಗೆಯೇ, ಒಮ್ಮೆ ಅರಿವಳಿಕೆಯ ಬಾಣ ಹೊಡೆದಿದ್ದ ಡಾಕ್ಟರರನ್ನು ಅವಳು ಎಷ್ಟು ವರ್ಷವಾದರೂ ಕ್ಷಮಿಸಲಿಲ್ಲ. ಅವರು ಕಾಣುವ ಮೊದಲೇ, ಅವರ ದನಿ ಗೇಟಿನ ಕಡೆ ಕೇಳಿಸಿದರೆ ಸಾಕು, ಕೂದಲು ನಿಮಿರಿಸಿಕೊಂಡು ಕಿರುಚುತ್ತಿದ್ದಳು. ಅವರು ಅವಳ ಜೀವ ಉಳಿಸಲೆಂದೇ ಬಂದವರು. ಅದನ್ನು ಅವಳಿಗೆ ತಿಳಿಸಿ ಹೇಳುವುದು ಹೇಗೆ?

ಉತ್ತರ 3: ಮನಶ್ಶಾಸ್ತ್ರ ಅಧ್ಯಾಪಕ, ಧಾರವಾಡ

ಮೊದಲನೆಯ ಉತ್ತರ ಚೆನ್ನಾಗಿದೆ. ಗುರುತು, ನೆನಪಾಗುವುದು, ನೆನಪು ಮಾಡಿಕೊಳ್ಳುವುದು ಎಂಬ ವಿಂಗಡಣೆಯನ್ನು ನಾನೂ ಒಪ್ಪುತ್ತೇನೆ. ಆದರೆ ಮೂರನೆಯದಕ್ಕೆ ಪುರಾವೆಯೇ ಇಲ್ಲ ಎನ್ನುವುದು ಅವಸರದ ಮಾತು.

ಅಮೆರಿಕದ ಜಾರ್ಜಿಯಾ ರಾಜ್ಯದ ಸಂಶೋಧನಾ ಕೇಂದ್ರವೊಂದರಲ್ಲಿ ಪಾಂಜಿ ಎಂಬ ಹೆಣ್ಣು ಚಿಂಪಾಂಜಿ ಇತ್ತು. ಒಂದೊಂದು ವಸ್ತುವಿಗೆ ಒಂದೊಂದು ಚಿಹ್ನೆಯಿರುವ ಫಲಕವನ್ನು ಬಳಸಲು ಅದಕ್ಕೆ ಕಲಿಸಿದ್ದರು. ಚಾರ್ಲ್ಸ್ ಮೆಂಜೆಲ್ 1999ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸಂಶೋಧಕರು ಆವರಣದ ಆಚೆಯ ಮರಗಳ ನಡುವೆ, ಎಲೆಗಳ ಕೆಳಗೆ, ಒಂದು ತಿನಿಸನ್ನೋ ವಸ್ತುವನ್ನೋ ಬಚ್ಚಿಡುತ್ತಿದ್ದರು. ಪಾಂಜಿ ಒಳಗಿನಿಂದ ಅದನ್ನು ನೋಡುತ್ತಿತ್ತು, ಆದರೆ ತಾನಾಗಿ ಅಲ್ಲಿಗೆ ಹೋಗುವಂತಿರಲಿಲ್ಲ. ಕೆಲವೊಮ್ಮೆ ರಾತ್ರಿಯೇ ಕಳೆದು, 16 ಗಂಟೆಗಳವರೆಗೂ ಸಮಯ ಆಗಿರುತ್ತಿತ್ತು. ಬಚ್ಚಿಟ್ಟ ವಿಷಯ ಏನೇನೂ ತಿಳಿಯದ ಪಾಲಕರು ಬಂದಾಗ, ಪಾಂಜಿಯೇ ಅವರ ಗಮನ ಸೆಳೆದು, ಫಲಕದ ಮೇಲೆ ಆ ವಸ್ತುವಿನ ಚಿಹ್ನೆಯನ್ನು ಮುಟ್ಟಿ, “ಬಚ್ಚಿಟ್ಟಿದೆ” ಎನ್ನುವಂತೆ ಕೈಯಿಂದ ಕಣ್ಣು ಮುಚ್ಚಿ ತೋರಿಸಿ, ಹೊರಗಡೆಗೆ ಬೆರಳು ಮಾಡಿ, ಅವರು ಹುಡುಕುತ್ತಾ ಹೋದಂತೆ ಸರಿಯಾದ ಜಾಗ ಸಿಗುವವರೆಗೂ ದಾರಿ ತೋರಿಸುತ್ತಿತ್ತು. ವಸ್ತು ಕಣ್ಣೆದುರಿಗಿಲ್ಲ, ಕೇಳಿದವರಿಲ್ಲ, ಆ ಫಲಕದಲ್ಲಿ ನೂರಕ್ಕೂ ಹೆಚ್ಚು ಚಿಹ್ನೆಗಳಿವೆ. ಇದನ್ನು ಬರಿಯ ಗುರುತು ಎನ್ನಲಾಗದು. ಪಾಲಕರು ಬಂದದ್ದೇ ನೆಪವಾಯಿತು ಎಂದು ನೀವು ವಾದಿಸಬಹುದು. ಪಾಲಕರಾದರೋ ದಿನಕ್ಕೆ ಹತ್ತು ಸಲ ಬರುವವರು, ಬಂದಾಗಲೆಲ್ಲ ಪಾಂಜಿ ಹೀಗೆ ಕರೆಯುತ್ತಿರಲಿಲ್ಲವಲ್ಲ.

ಕಾಡಿನಿಂದಲೂ ಒಂದು ಸಂಗತಿ. ಐವರಿ ಕೋಸ್ಟ್ ದೇಶದ ತಾಯಿ (Taï) ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ಲೀನ್ ಯಾನ್‌ಮಾಟ್ ಮತ್ತು ಸಂಗಡಿಗರು ಐದು ಹೆಣ್ಣು ಚಿಂಪಾಂಜಿಗಳನ್ನು ಹಗಲೆಲ್ಲ ಹಿಂಬಾಲಿಸಿ, ರಾತ್ರಿ ಅವು ಗೂಡು ಕಟ್ಟಿ ಮಲಗಿದ ಮರದ ಕೆಳಗಿಂದಲೇ ಮರುದಿನ ಹೊರಟು, ಅವುಗಳ ಓಡಾಟವನ್ನು ದಾಖಲಿಸಿದರು. ಬೆಳಗಿನ ಊಟ ಅತ್ತಿಯ ಜಾತಿಯ ಹಣ್ಣಾಗಿದ್ದರೆ, ಅದೂ ದೂರದ ಮರದಲ್ಲಿದ್ದರೆ, ಅವು ಇನ್ನೂ ಕತ್ತಲಿರುವಾಗಲೇ, ಚಿರತೆಯ ಭಯವಿದ್ದರೂ, ಗೂಡು ಬಿಟ್ಟು ಹೊರಡುತ್ತಿದ್ದವು. ಏಕೆಂದರೆ ಅಂಥ ಹಣ್ಣು ಬೇಗ ಖಾಲಿಯಾಗುತ್ತದೆ, ಹಕ್ಕಿಗಳೂ ಮಂಗಗಳೂ ಅದಕ್ಕಾಗಿ ಕಾದಿರುತ್ತವೆ. ಗೂಡನ್ನೂ ಬೆಳಗಿನ ಊಟದ ದಿಕ್ಕಿನಲ್ಲಿಯೇ ಕಟ್ಟುವ ಒಲವು ಕಂಡಿತು. 2014ರಲ್ಲಿ ಇದು ಪ್ರಕಟವಾಯಿತು. ಮರ ಕಣ್ಣಿಗೆ ಕಾಣಿಸುವಷ್ಟು ಹತ್ತಿರದಲ್ಲಿರಲಿಲ್ಲ. ಕತ್ತಲಲ್ಲಿ ಹೊರಡುವ ಹೆಣ್ಣು ಚಿಂಪಾಂಜಿಯ ತಲೆಯೊಳಗೆ ಆ ಮರ ಹೇಗೋ ಇದ್ದೇ ಇರಬೇಕು.

ಇಷ್ಟಾದರೂ ಒಂದು ಗಡಿಯನ್ನು ನಾನು ದಾಟಲಾರೆ. ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿ ಘಟನೆಯ ನೆನಪು ಎಂಬುದನ್ನು ಬೇರ್ಪಡಿಸಿ ಹೇಳಿದ ಮೇಲೆ, “ಅದು ನನಗೆ ಆದದ್ದು, ಅಂದು ಆದದ್ದು” ಎಂಬ ಅರಿವೇ ಅದರ ತಿರುಳು ಎಂಬ ಮಾತು ನಮ್ಮ ಶಾಸ್ತ್ರದಲ್ಲಿ ನೆಲೆಯಾಯಿತು. ಪಾಂಜಿಗೆ ಹಣ್ಣು ಎಲ್ಲಿದೆ ಎಂದು ತಿಳಿದಿತ್ತು. ನಿನ್ನೆ ಸಂಜೆ ತಾನು ಅದನ್ನು ಕುಳಿತು ನೋಡಿದ್ದು ಅದರ ಮನಸ್ಸಿನಲ್ಲಿ ಮತ್ತೆ ಮೂಡಿತೇ ಎನ್ನುವುದನ್ನು ಹೊರಗಿನಿಂದ ನೋಡುವ ಯಾವ ಪ್ರಯೋಗವೂ ತೋರಿಸಿಲ್ಲ. ನಮ್ಮ ಮನೆಯ ಬೀಗದ ಕೈ ಎಲ್ಲಿದೆ ಎಂದು ನಮಗೂ ತಿಳಿದಿರುತ್ತದೆ, ಅಲ್ಲಿ ಇಟ್ಟ ಗಳಿಗೆ ಮಾತ್ರ ನೆನಪಿರುವುದಿಲ್ಲ.

ಉತ್ತರ 4: ನರರೋಗ ವೈದ್ಯೆ, ಮಂಗಳೂರು

ಎಲ್ಲರೂ ನೆನಪಿನ ಬಗ್ಗೆ ಬರೆದಿದ್ದೀರಿ. ಮೇಡಂ ಅವರು ಮರೆವಿನ ಬಗ್ಗೆಯೂ ಕೇಳಿದ್ದಾರೆ. ನಿವೃತ್ತ ಪಾಲಕರು ಬರೆದ ಲೋಟದ ಸಂಗತಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ರೋಗಿಯೊಬ್ಬರು ಉತ್ತರ ಹೇಳದಿದ್ದಾಗ, “ಗೊತ್ತಿತ್ತು, ಈಗ ಬರುತ್ತಿಲ್ಲ” ಎಂದು ಅವರೇ ಹೇಳುತ್ತಾರೆ, ಅಥವಾ ಮುಖದಲ್ಲಿ ತಡಕಾಟ ಕಾಣುತ್ತದೆ. ಲೋಟ ಕೊಡದ ಚಿಂಪಾಂಜಿ ಏನನ್ನೂ ಹೇಳುವುದಿಲ್ಲ. ಮರೆವನ್ನು ಅಳೆಯುವುದು ನೆನಪನ್ನು ಅಳೆಯುವುದಕ್ಕಿಂತ ಕಷ್ಟವಾಗಿರುವುದು ಇದಕ್ಕೇ: ಮಾಡಿ ತೋರಿಸಿದರೆ ನೆನಪಿದೆ ಎಂದು ಖಂಡಿತವಾಗಿ ಹೇಳಬಹುದು, ಮಾಡದಿದ್ದರೆ ಯಾವುದನ್ನೂ ಖಂಡಿತವಾಗಿ ಹೇಳಲಾಗದು. ಲಾನಾ ಎಂಬ ಚಿಂಪಾಂಜಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಣದಿದ್ದ ಕೆಲವು ಚಿಹ್ನೆಗಳ ಅರ್ಥವನ್ನು ಉಳಿಸಿಕೊಂಡಿದ್ದಳು ಎಂಬ ವರದಿ 2000ದಲ್ಲಿ ಬಂತು. ಹಾಗೆ ಉಳಿದದ್ದಕ್ಕೆ ಸುದ್ದಿಯಿದೆ, ಅಳಿದುಹೋದದ್ದಕ್ಕೆ ಲೆಕ್ಕವಿಟ್ಟವರು ಕಡಿಮೆ.

ಆದರೂ ಕೆಲವು ಸುಳಿವುಗಳಿವೆ. ಮಾರ್ಟಿನ್-ಓರ್ಡಾಸ್ ಅವರದೇ 2010ರ ಪ್ರಯೋಗದಲ್ಲಿ ವಾನರಗಳ ಎದುರು ಹೆಪ್ಪುಗಟ್ಟಿಸಿದ ರಸವನ್ನೂ ದ್ರಾಕ್ಷಿಯನ್ನೂ ಬಚ್ಚಿಡುತ್ತಿದ್ದರು. ಅವಕ್ಕೆ ರಸವೇ ಹೆಚ್ಚು ಇಷ್ಟ, ಆದರೆ ಒಂದು ಗಂಟೆಯಲ್ಲಿ ಅದು ಕರಗಿಹೋಗುತ್ತದೆ. ಐದು ನಿಮಿಷದ ನಂತರವಾದರೆ ರಸವನ್ನೂ, ಗಂಟೆಯ ನಂತರವಾದರೆ ದ್ರಾಕ್ಷಿಯನ್ನೂ ಆರಿಸಿಕೊಳ್ಳಬೇಕು; ಅಂದರೆ ಏನು, ಎಲ್ಲಿ, ಎಷ್ಟು ಹೊತ್ತಾಯಿತು ಎಂಬ ಮೂರನ್ನೂ ಕೂಡಿಸಿ ಹಿಡಿಯಬೇಕು. ನಡುವಯಸ್ಸಿನವು ಇದನ್ನು ಚೆನ್ನಾಗಿ ಮಾಡಿದವು. ಬಹಳ ಚಿಕ್ಕವೂ ಮುದಿಯವೂ ಹಿಂದೆ ಬಿದ್ದವು. ನಮ್ಮಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.

ಮುಪ್ಪಿನ ವಿಷಯ ನನ್ನ ಕೆಲಸಕ್ಕೆ ಹತ್ತಿರವಾದದ್ದು. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದವರು 37ರಿಂದ 62 ವರ್ಷ ವಯಸ್ಸಿನಲ್ಲಿ ಸತ್ತ 20 ಚಿಂಪಾಂಜಿಗಳ ಮಿದುಳುಗಳನ್ನು ಪರೀಕ್ಷಿಸಿ, ಆಲ್‌ಜೈಮರ್ ರೋಗಿಗಳಲ್ಲಿ ನಾವು ಕಾಣುವ ಅಮಿಲಾಯ್ಡ್ ಮತ್ತು ಟೌ ಎಂಬ ಎರಡೂ ಪ್ರೋಟೀನುಗಳ ಶೇಖರಣೆ ಅವುಗಳಲ್ಲಿ ಹಲವಕ್ಕೆ ಇದ್ದುದನ್ನು 2017ರಲ್ಲಿ ತಿಳಿಸಿದರು. ಅಮಿಲಾಯ್ಡ್ ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಹೆಚ್ಚಾಗಿ ಕಂಡಿತು. ಆದರೆ ಆ ಪ್ರಾಣಿಗಳು ಬದುಕಿದ್ದಾಗ ದಾರಿ ತಪ್ಪುತ್ತಿದ್ದವೇ, ಜೊತೆಗಿದ್ದವರ ಮುಖ ಮರೆಯುತ್ತಿದ್ದವೇ ಎಂಬ ದಾಖಲೆ ಸಾಲದು. ಮಿದುಳಿನಲ್ಲಿ ಗುರುತುಗಳಿದ್ದ ಮಾತ್ರಕ್ಕೆ ಅದು ಮರೆಗುಳಿ ರೋಗವೆಂದು ನಾನು ಮನುಷ್ಯರಲ್ಲಿಯೂ ಬರೆದುಕೊಡುವುದಿಲ್ಲ.

ಬದುಕಿದ್ದಾಗಿನ ದಾಖಲೆ ಎಂದರೆ ಪಶ್ಚಿಮ ಆಫ್ರಿಕದ ಗಿನಿ ದೇಶದ ಬೊಸ್ಸು ಎಂಬಲ್ಲಿಯದು. ಅಲ್ಲಿನ ಚಿಂಪಾಂಜಿಗಳು ಕಲ್ಲಿನ ಮೇಲೆ ಕಾಯಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿ ಒಡೆಯುತ್ತವೆ; ಇದನ್ನು ಕಲಿಯಲು ಮರಿಗೆ ವರ್ಷಗಳೇ ಬೇಕು. ಹದಿನೇಳು ವರ್ಷಗಳ ವಿಡಿಯೊಗಳನ್ನು ಕುಳಿತು ನೋಡಿದವರು, ವಯಸ್ಸಾದಂತೆ ಮುದಿ ಚಿಂಪಾಂಜಿಗಳು ಕಾಯಿ ಒಡೆಯುವ ಜಾಗಕ್ಕೆ ಬರುವುದೇ ಕಡಿಮೆಯಾದದ್ದನ್ನೂ, ಯೋ ಎಂಬ ಮುದುಕಿಗೆ ಕಾಯಿ ಒಡೆಯಲು ಹಿಂದಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯತೊಡಗಿದ್ದನ್ನೂ ಕಂಡರು. ಬೇರೆ ಕೆಲವು ಮುದಿಯವು ಮೊದಲಿನಂತೆಯೇ ಒಡೆಯುತ್ತಿದ್ದವು. ಯೋಳ ಕಣ್ಣು ಮಂಜಾಯಿತೋ, ಕೈಯ ಕಸುವು ಇಳಿಯಿತೋ, ಕಲಿತದ್ದೇ ಮಸುಕಾಯಿತೋ ಎಂದು ಬೇರ್ಪಡಿಸುವುದು ವಿಡಿಯೊದಿಂದ ಆಗುವ ಕೆಲಸವಲ್ಲ. ಪಾಲಕರ ಲೋಟದ ಪ್ರಶ್ನೆಯೇ ಮತ್ತೆ ಇಲ್ಲಿಯೂ ಎದುರಾಗುತ್ತದೆ.

ಎಳೆಯ ವಯಸ್ಸಿನ ಮರೆವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಮಕ್ಕಳಿಗೆ ಇದು ಇಷ್ಟವಾಗುತ್ತದೆ. ನಮಗೆ ಎರಡು–ಮೂರು ವರ್ಷಕ್ಕಿಂತ ಹಿಂದಿನದು ಏಕೆ ನೆನಪಿಲ್ಲ? ಟೊರಾಂಟೊದ ಸಂಶೋಧಕರು 2014ರಲ್ಲಿ ತೋರಿಸಿದ ಪ್ರಕಾರ, ಇಲಿಮರಿಗಳ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುವುದೇ ಹಳೆಯ ನೆನಪುಗಳು ಅಳಿಯಲು ಒಂದು ಕಾರಣ; ಹುಟ್ಟುವಾಗಲೇ ಬಲಿತ ಮಿದುಳಿರುವ ಗಿನಿಯಿಲಿಯ ಮರಿಗಳು ಅಷ್ಟಾಗಿ ಮರೆಯುವುದಿಲ್ಲ. ಮಹಾವಾನರದ ಮರಿಯೂ ನಮ್ಮ ಮಗುವಿನಂತೆಯೇ ಬಹಳ ಎಳೆಯದಾಗಿ ಹುಟ್ಟಿ ಹಲವು ವರ್ಷ ತಾಯಿಯನ್ನು ಅಂಟಿಕೊಂಡೇ ಬೆಳೆಯುತ್ತದೆ. ಹಾಗಾಗಿ ಅದಕ್ಕೂ ಇಂಥ ಮರೆವು ಇದ್ದೀತೆಂದು ನಾನು ಊಹಿಸುತ್ತೇನೆ, ಇದು ನನ್ನ ಊಹೆ ಮಾತ್ರ. ಥಾಬೊ, ಡೆಂಬಾ ಇಬ್ಬರೂ ಮರಿಗಳಾಗಿ ಬಂದವರಲ್ಲ ಎಂಬುದನ್ನು ಆ ಹುಡುಗಿಗೆ ಹೇಳಿ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ಮಧ್ಯಾಹ್ನದ ಬಿಡುವಿನಲ್ಲಿ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೂಯಿಸಳ ಕತೆಯನ್ನೂ, ಲೈಪ್ಜಿಗ್ಗಿನ ಕೋಲಿನ ಕತೆಯನ್ನೂ, ಮುಷ್ಟಿಯ ಆಟವನ್ನೂ ಹೇಳಿದೆ. ಕಡಲೆಕಾಯಿ ಇರಲಿಲ್ಲ ಎಂದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಮಿಸ್, ಹಾಗಾದ್ರೆ ಯಾರಾದ್ರೂ ಹೋಗಿ ಜರ್ಮನ್ ಭಾಷೇಲಿ ಮಾತಾಡಿದ್ರೆ ಅವಕ್ಕೆ ನೆನಪಾಗುತ್ತಾ? ನನಗೆ ಬಸ್ಸಲ್ಲಿ ಯಾರಾದ್ರೂ ನಮ್ಮ ಕಡೆ ಮಾತು ಆಡಿದ್ರೆ ಹಾಗೇ ಆಗುತ್ತೆ.” ಇದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಹಿರಿಯರಾದ ಪಾಲಕರಿಗೆ ಅವಳು ಒಂದು ಮಾತು ತಿಳಿಸಲು ಹೇಳಿದ್ದಾಳೆ: ಮುಂದಿನ ಸಲ ಹೋಗುವಾಗ ಎರಡೂ ಜೇಬಿನಲ್ಲಿ ಕಡಲೆಕಾಯಿ ಇಟ್ಟುಕೊಳ್ಳಬೇಕಂತೆ.

ಉತ್ತರ 5: ಪ್ರಾಣಿವರ್ತನೆಯ ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಪಾಂಜಿಯ ಕೆಲಸ ನನಗೆ ಗೊತ್ತಿದ್ದೂ ಅದನ್ನು ಬಿಟ್ಟು “ಪುರಾವೆ ಇಲ್ಲ” ಎಂದು ಬರೆಯಬಾರದಿತ್ತು. ಧಾರವಾಡದ ಅಧ್ಯಾಪಕರು ತಿದ್ದಿದ್ದು ಸರಿ. ಗಂಟೆಗಳ ಮಟ್ಟಿಗೆ ಪುರಾವೆಯಿದೆ, ವರ್ಷಗಳ ಮಟ್ಟಿಗೆ ಇಲ್ಲ ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಹುಡುಗಿಯ ಹೊಸ ಪ್ರಶ್ನೆಗೆ ತೀರ ಹತ್ತಿರದ ಕೆಲಸವೊಂದಿದೆ. ಅಮೆರಿಕದ ಅಟ್ಲಾಂಟಾ ಮೃಗಾಲಯದ ಗೊರಿಲ್ಲಾಗಳಿಗೆ ಮನುಷ್ಯರ ದನಿಗಳನ್ನು ಧ್ವನಿವರ್ಧಕದಿಂದ ಕೇಳಿಸಿದರು. ರೊಬೆರ್ಟಾ ಸಾಲ್ಮಿ ಮತ್ತು ಸಂಗಡಿಗರು ಮಾಡಿದ ಈ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಲ್ಲ ದನಿಗಳೂ ಹೇಳುತ್ತಿದ್ದದ್ದು ಒಂದೇ ಸಾಮಾನ್ಯ ನಮಸ್ಕಾರದ ಮಾತು, ಮಾತನಾಡಿದವರು ಮಾತ್ರ ಬೇರೆ ಬೇರೆ. ದಿನವೂ ಊಟ ಕೊಟ್ಟು ನೋಡಿಕೊಳ್ಳುವ ಪಾಲಕರ ದನಿಗೆ ಗೊರಿಲ್ಲಾಗಳು ನಿರಾಳವಾಗಿದ್ದವು. ಪರಿಚಯವೇ ಇಲ್ಲದವರ ದನಿಗೂ, ಪರಿಚಯವಿದ್ದೂ ಕಹಿ ಅನುಭವ ಕೊಟ್ಟಿದ್ದ ಪಶುವೈದ್ಯರಂಥವರ ದನಿಗೂ ಮಾಡುತ್ತಿದ್ದ ಕೆಲಸ ಬಿಟ್ಟು ಎಚ್ಚರಗೊಂಡು ನೋಡಿದವು. ಗೇಟಿನ ಬಳಿಯ ಡಾಕ್ಟರರ ದನಿಗೆ ಕಿರುಚುತ್ತಿದ್ದ ಚಿಂಪಾಂಜಿಯ ಬಗ್ಗೆ ಹಿರಿಯರು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಭಾಷೆಗಿಂತ ದನಿ ಮುಖ್ಯವಾದೀತು ಎಂದು ನನ್ನ ಅನಿಸಿಕೆ. ಜರ್ಮನ್ ಭಾಷೆಯನ್ನಾಡುವ ಅಪರಿಚಿತ ಪ್ರವಾಸಿಯ ಮಾತಿಗೆ ಗೊರಿಲ್ಲಾ ತಿರುಗಿ ನೋಡದೇ ಇರಬಹುದು. ಆದರೆ ಅಲ್ಲಿ ಅವನನ್ನು ನೋಡಿಕೊಂಡವರ ದನಿ ಕೇಳಿದರೆ ತಿರುಗಿ ನೋಡಿಯಾನು. ಪ್ರಯೋಗ ಮಾಡುವುದು ಕಷ್ಟವೇನಲ್ಲ: ಹಳೆಯ ಪಾಲಕರದೊಂದು ಧ್ವನಿಮುದ್ರಣ, ಅದೇ ವಾಕ್ಯವನ್ನು ಅದೇ ಭಾಷೆಯಲ್ಲಿ ಹೇಳುವ ಅಪರಿಚಿತರದೊಂದು ಧ್ವನಿಮುದ್ರಣ, ಎರಡನ್ನೂ ಬೇರೆ ಬೇರೆ ದಿನ ಕೇಳಿಸಿ, ಕೇಳಿಸುವವನಿಗೇ ಯಾವುದು ಯಾರದೆಂದು ತಿಳಿಯದಂತೆ ಮಾಡಬೇಕು. ಆದರೆ ದನಿ ಕೇಳಿದ ಮೇಲೆ ಆ ಮನುಷ್ಯನಿಗಾಗಿ ಅವನು ಹುಡುಕಿದರೆ, ಹುಡುಕಿ ಸಿಗದಿದ್ದರೆ, ಆಗ ಏನು ಮಾಡುವುದು ಎಂಬುದನ್ನು ಪ್ರಯೋಗಕ್ಕೆ ಮೊದಲೇ ಯೋಚಿಸಿರಬೇಕು. ನಾನಾದರೆ ದನಿಯನ್ನು ಕಳಿಸುವ ಬದಲು ಆ ಮನುಷ್ಯರನ್ನೇ ಒಮ್ಮೆ ಮೈಸೂರಿಗೆ ಕರೆಸುವ ದಾರಿ ಹುಡುಕುತ್ತಿದ್ದೆ. ನಿಮ್ಮ ಹುಡುಗಿಯನ್ನು ಇದರ ಬಗ್ಗೆ ಕೇಳಿ ನೋಡಿ, ಅವಳು ಏನು ಹೇಳುತ್ತಾಳೆಂದು ನನಗೂ ತಿಳಿಸಿ.